ನಾನು ಕೊಟ್ಟುಬಿಟ್ಟ ಕೌದಿ

ಕಳೆದ ಜನವರಿ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ನಡೆದ ಕೈಗೆಲಸದ ಪ್ರದರ್ಶನವನ್ನು ನೀವೆಲ್ಲರೂ ನೋಡಿರುವಿರಿ. ಅದಕ್ಕೆ ಹದಿನೈದು ದಿನ ಮೊದಲೇ ನಾನು ಏಳನೆಯ ತರಗತಿಗೆ ಹೋಗಿ, "ನಿಮ್ಮ ನಿಮ್ಮ ಮನೆಗಳಲ್ಲಿ ಊರ ಕಡೆಯ ಕೈಗೆಲಸದ ವಸ್ತು ಯಾವುದಿದ್ದರೂ ತನ್ನಿರಿ" ಎಂದು ಹೇಳಿದ್ದೆನು. ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದುವು ಚನ್ನಪಟ್ಟಣದ ಅರಗಿನ ಗೊಂಬೆಗಳು, ಕಿನ್ನಾಳದ ಗೊಂಬೆಗಳು, ಬೀದರಿನ ಬಿದರಿ ಪಾತ್ರೆಗಳು. ಅಂದರೆ ಪುಸ್ತಕದಲ್ಲಿ ಚಿತ್ರವಿರುವ ವಸ್ತುಗಳು. ಮಲಾಡಿನ ಹತ್ತಡಿ ಕೋಣೆಗಳೊಳಗೆ ಬಿದರಿಯ ಹೂಜಿ ಎಲ್ಲಿಂದ ಬರಬೇಕು ಎಂಬ ವಿಚಾರವು ಮಾಸ್ತರನ ತಲೆಗೆ ಹೊಳೆಯಲೇ ಇಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಮೇಜುಗಳು ತುಂಬತೊಡಗಿದವು. ಥರ್ಮೋಕೋಲಿನ ವಿಧಾನಸೌಧವೊಂದು ಬಂದಿತು. ಐಸ್‌ಕ್ರೀಮ್ ಕಡ್ಡಿಗಳ ಮನೆಗಳು ಮೂರು ಬಂದವು. ಒಬ್ಬ ಹುಡುಗನು ಅಂಗಡಿಯ ಬೆಲೆಚೀಟಿಯನ್ನು ಕೀಳುವುದಕ್ಕೂ ಪುರಸೊತ್ತಿಲ್ಲದೆ ಒಂದು ಹೂದಾನಿಯನ್ನು ತಂದಿಟ್ಟು, "ನಮ್ಮ ಅಕ್ಕ ಮಾಡಿದ್ದು ಸರ್" ಎಂದನು. (ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನಿಗೆ ಗೊತ್ತಿದೆ.) ಲಂಬಾಣಿ ಮನೆತನದ ಹುಡುಗಿಯೊಬ್ಬಳು ಕನ್ನಡಿಗಳನ್ನು ಕೂಡಿಸಿ ಹೊಲಿದ ಚೀಲವನ್ನು ತಂದಿದ್ದಳು, ಅದು ನಿಜವಾಗಿಯೂ ಸೊಗಸಾಗಿತ್ತು. ಎಲ್ಲರೂ ತಮ್ಮ ತಮ್ಮ ವಸ್ತುವಿನ ಪಕ್ಕದಲ್ಲಿ ಕಾವಲುಗಾರರಂತೆ ನಿಂತಿರಲು, ಕೊನೆಯ ಸಾಲಿನ ಒಬ್ಬ ಬಾಲಿಕೆ ಮಾತ್ರ ಬೆಂಚಿನ ಕೆಳಗಿದ್ದ ಪ್ಲಾಸ್ಟಿಕ್ ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತ ಕುಳಿತಿದ್ದಳು.

"ಏನಮ್ಮ ಅದು?"

"ಏನಿಲ್ಲ ಸರ್."

"ಏನಿಲ್ಲದ್ದನ್ನು ಇಷ್ಟು ದೊಡ್ಡ ಚೀಲದಲ್ಲಿ ತಂದಿರುವೆಯಾ?"

"ನಮ್ಮ ಆಯಿ ಕೊಟ್ಟಾಳ ಸರ್. ಹಳೀ ಅರಿಬಿ ಅದ. ಮ್ಯಾಲೆ ಇಡಬ್ಯಾಡ್ರಿ, ಎಲ್ಲಾರೂ ನಗ್ತಾರ."

ಚೀಲದಲ್ಲಿದ್ದುದು ಕೌದಿ. ನಾನು ಅದನ್ನು ಅರ್ಧ ಹೊರಗೆ ತೆಗೆದು ಹಾಗೆಯೇ ನಿಂತುಬಿಟ್ಟೆನು. ಹಳೆಯ ಹತ್ತಿಬಟ್ಟೆಗೆ, ಬಹಳ ದಿನ ಬಿಸಿಲು ಕಂಡ ಬಟ್ಟೆಗೆ ಒಂದು ವಾಸನೆಯಿರುತ್ತದಷ್ಟೆ. ಅದು ಮೂಗಿಗೆ ತಾಗಿತು. ಆ ಮಗುವಿನ ಮುಖದಲ್ಲಿದ್ದ ನಾಚಿಕೆಯೂ ನನಗೆ ಹೊಸದಲ್ಲ. ಆ ನಾಚಿಕೆಯ ಬೆಲೆಯಾಗಿ ಬಂದ ಒಂದು ಸ್ಟೀಲಿನ ಡಬ್ಬಿ ನನ್ನ ಮನೆಯ ಹಲಗೆಯ ಮೇಲೆ ಇಂದಿಗೂ ಕುಳಿತಿದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ಕೌದಿಯೆಂದರೇನೆಂದು ತಿಳಿಯದಿರಬಹುದು. ಉಟ್ಟು ತೊಟ್ಟು ಹರಿದ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಒಗೆದು, ಒಂದರ ಮೇಲೊಂದು ಹಾಸಿ, ಕೈಸೂಜಿಯಿಂದ ಒತ್ತೊತ್ತಾಗಿ ಹೊಲಿದು ಮಾಡಿದ ಹಾಸುವ ಹೊದೆಯುವ ದಪ್ಪ ವಸ್ತ್ರವೇ ಕೌದಿ. ಬಾಗಲಕೋಟೆ ಜಿಲ್ಲೆಯ ಹುನಗುಂದದ ಸೀಮೆಯಲ್ಲಿರುವ ನಮ್ಮೂರಿನಲ್ಲಿ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಬೇಸಗೆಯ ದಿನಗಳು ಕೌದಿಯ ಕಾಲ. ಮಳೆ ಬೀಳುವುದರೊಳಗೆ ಅದು ಮುಗಿಯಬೇಕು. ಕೆಲವು ಮನೆಗಳಿಗೆ ಗೊಂದಲಿಗರ ಹೆಂಗಸರು ಬಂದು ಹೊಲಿದು ಕೊಡುತ್ತಿದ್ದರು. ಕಾಳು, ಹಳೆಯ ಸೀರೆ, ಒಂದಿಷ್ಟು ಹಣ ಅವರ ಕೂಲಿ. ನಮ್ಮ ಮನೆಯಲ್ಲಿ ಅವ್ವನೇ ಹೊಲಿಯುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯನ್ನು ಸಾರಿಸಿ, ಅದು ಒಣಗಿದ ಮೇಲೆ ಕೆಳಗೆ ಒಂದು ಗಟ್ಟಿಯಾದ ಸೀರೆಯನ್ನು ಸುಕ್ಕಿಲ್ಲದಂತೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುವಳು. ಅದರ ಮೇಲೆ ಚೂರುಗಳನ್ನು ಜೋಡಿಸುವಳು. ಎಲ್ಲಿ ತೆಳುವಾಗಿದೆ, ಎಲ್ಲಿ ದಪ್ಪವಾಗಿದೆ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯುತ್ತಿರಲಿಲ್ಲ, ಅಂಗೈಯಿಂದ ಸವರಿ ತಿಳಿಯುತ್ತಿದ್ದಳು. ಮೇಲೆ ಮತ್ತೊಂದು ಸೀರೆ. ಆಮೇಲೆ ಅಂಚಿನಿಂದ ಹೊಲಿಗೆ ಆರಂಭ. ಒಂದು ಸುತ್ತು ಅಂಚಿಗೆ, ಅದರೊಳಗೆ ಬೆರಳಗಲ ಬಿಟ್ಟು ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರಬೇಕು. ಅಂಚು ಮುಗಿಸಿ ಒಳಗೆ ಸರಿದಂತೆಲ್ಲ ಅವಳು ಕೌದಿಯ ಮೇಲೆಯೇ ಕುಳಿತು ಹೊಲಿಯಬೇಕಾಗುತ್ತಿತ್ತು. ನಾವು ಮಕ್ಕಳು ಶಾಲೆಯ ರಜೆಯಲ್ಲಿ ಅದರ ಇನ್ನೊಂದು ತುದಿಯ ಮೇಲೆ ಮಲಗಿ ಬೈಸಿಕೊಳ್ಳುತ್ತಿದ್ದೆವು.

ಕೊನೆಯ ಹೊಲಿಗೆ ಹಾಕುವ ಮುಂಚೆ ಅವ್ವ ಒಂದು ಮೂಲೆಯೊಳಗೆ ನಾಲ್ಕು ಜೋಳದ ಕಾಳು ಹಾಕುತ್ತಿದ್ದಳು. ಏಕೆಂದು ಕೇಳಿದರೆ, "ಬರೇ ಹೊಟ್ಟೀಲೆ ಇಡಬಾರದು ಅದನ್ನ" ಎನ್ನುವಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ ವಾಸವಾಗಿರುವ ಸಿದ್ದಿ ಜನರೂ ಇಂತಹ ಕೌದಿಗಳನ್ನು ಹೊಲಿಯುತ್ತಾರೆ. ಅವರು ನಾಲ್ಕು ಮೂಲೆಗಳಿಗೂ ಮೂರು ಕೋನದ ಬಟ್ಟೆಯ ಹೂಗಳನ್ನು ಕೂಡಿಸುತ್ತಾರೆ; ಹೂವಿಲ್ಲದ ಕೌದಿ ಅವರ ಮಾತಿನಲ್ಲಿ ಬತ್ತಲೆ ಕೌದಿ. ಕೌದಿಗೆ ಹೊಟ್ಟೆಯಿದೆ, ಮಾನವಿದೆ ಎಂದು ತಿಳಿದ ಜನ ಇವರೆಲ್ಲ.

ಬಟ್ಟೆಯ ಮಾತಿಗೆ ಬಂದರೆ, ನಮ್ಮ ಕಡೆಯ ಕೌದಿಯ ಮೈಯೆಲ್ಲ ಇಳಕಲ್ಲಿನ ಸೀರೆ. ಇಳಕಲ್ಲು ನಮಗೆ ಹತ್ತಿರದ ಪೇಟೆ. ಸಂಪ್ರದಾಯದ ಇಳಕಲ್ ಸೀರೆಯ ಒಡಲಿನ ಹಾಸು ನೂಲು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡು ಬೇರೆ ಬೇರೆ ಹಾಸುಗಳ ತುದಿಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುವ ಕೆಲಸಕ್ಕೆ ಕೊಂಡಿ ಎಂದು ಹೆಸರು. ಈ ಕೊಂಡಿಯ ಸೆರಗು ಬೇಕಾದರೆ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕು. ಅದು ಬೇಡವಾದರೆ ಆರೋ ಎಂಟೋ ಸೀರೆಗಳ ಹಾಸನ್ನು ಒಟ್ಟಿಗೆ ಹೂಡಿಬಿಡಬಹುದು. ಇಷ್ಟು ಕಷ್ಟಪಟ್ಟು ನೇಯ್ದ ಸೀರೆಯನ್ನು ಹೆಂಗಸು ಮೊದಲು ಹಬ್ಬಕ್ಕೆ ಉಡುವಳು, ಆಮೇಲೆ ಸಂತೆಗೆ, ಆಮೇಲೆ ಹೊಲಕ್ಕೆ. ಹೊಲದಲ್ಲಿ ಹರಿದ ಮೇಲೆ ಅದು ಕೌದಿಗೆ ಬರುವುದು. ನಮ್ಮ ಮನೆಯ ಕೌದಿಯಲ್ಲಿ ಅಜ್ಜನ ಒಂದು ಗಿರಣಿ ಧೋತರವೂ ಇದ್ದಿತು. ಅದು ಮುಂಬಯಿಯ ಗಿರಣಿಯದೆಂದು ಅವ್ವ ಹೇಳುತ್ತಿದ್ದಳು. 1982ರ ಜನವರಿಯಲ್ಲಿ ಆರಂಭವಾದ ದೊಡ್ಡ ಮುಷ್ಕರದ ತರುವಾಯ ಈ ಊರಿನ ಬಟ್ಟೆಗಿರಣಿಗಳಲ್ಲಿ ಹೆಚ್ಚಿನವು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. ಆ ಧೋತರದ ಚೂರು ಮಾತ್ರ ಹಳೆಯ ಕೌದಿಯೊಳಗಿದ್ದು, ಆ ಕೌದಿ ಸವೆದಾಗ ಹೊಸ ಕೌದಿಯ ಹೊಟ್ಟೆಯನ್ನು ಸೇರಿ, ನಾನು ಮುಂಬಯಿಗೆ ಹೊರಟಾಗ ನನ್ನೊಡನೆ ತನ್ನ ಊರಿಗೆ ಮರಳಿ ಬಂದಿತು.

ಇನ್ನು ಆ ಕಥೆ.

ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಆಮೇಲೆ ಶಿಕ್ಷಕರ ತರಬೇತಿ ಪಡೆದು, 2014ರ ಜೂನ್ ತಿಂಗಳಿನಲ್ಲಿ ಮಲಾಡಿಗೆ ಬಂದೆನು. ಹೊರಡುವ ದಿನ ಅವ್ವ ಕೌದಿಯನ್ನು ಸುರುಳಿ ಸುತ್ತಿ ಹಗ್ಗದಿಂದ ಬಿಗಿದು ತಂದಿಟ್ಟಳು. "ಅವ್ವಾ, ಮುಂಬಯಿಯಾಗ ಥಂಡಿ ಇರೂದಿಲ್ಲ" ಎಂದೆ. "ಥಂಡಿ ಇರದಿದ್ರ ಹಾಸ್ಕೊ. ನೆಲ ಅಂತೂ ಇರ್ತೈತಲ್ಲ" ಎಂದಳು. ಸೊಲ್ಲಾಪುರದಲ್ಲಿ ರಾತ್ರಿಯ ರೈಲು ಹತ್ತಿದಾಗ ಆ ಸುರುಳಿಯನ್ನು ಇಡಲು ಸ್ಥಳವಿಲ್ಲದೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆನು. ಎದುರಿಗಿದ್ದವರು ನನ್ನನ್ನು ಯಾವುದೋ ಕಟ್ಟಡದ ಕೆಲಸಕ್ಕೆ ಹೋಗುವವನೆಂದು ತಿಳಿದು ಮುಕ್ಕಾದಮನ ಹೆಸರು ಕೇಳಿದರು. ನಾನು ಮಾಸ್ತರ ಎಂದು ಹೇಳಿದೆನು. ಅವರು ಕೌದಿಯನ್ನು ನೋಡಿದರು, ನನ್ನನ್ನು ನೋಡಿದರು, ನಂಬಲಿಲ್ಲ. ನನ್ನ ನಾಚಿಕೆ ಅಲ್ಲಿಂದಲೇ ಆರಂಭವಾಯಿತೆಂದು ಈಗ ತೋರುತ್ತದೆ.

ಮಲಾಡಿನ ಪೂರ್ವಕ್ಕೆ ಕುರಾರಿನಲ್ಲಿ ನಾಲ್ವರು ಕೂಡಿ ಒಂದು ಕೋಣೆ ಹಿಡಿದಿದ್ದೆವು. ಮಿಕ್ಕ ಮೂವರ ಬಳಿ ಅಂಗಡಿಯ ಹೊಳೆಯುವ ರಗ್ಗುಗಳಿದ್ದವು. ಹುಲಿಯ ಚಿತ್ರದ್ದೊಂದು, ಗುಲಾಬಿ ಹೂಗಳದ್ದೆರಡು. ನನ್ನ ಕೌದಿಯನ್ನು ಕಂಡು ಅವರು ಏನೂ ಅನ್ನಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ನಗುತ್ತಾರೆಂದು ನಾನೇ ಎಣಿಸಿಕೊಂಡು, ಅವರು ಮಲಗಿದ ಮೇಲೆ ಹಾಸಿ, ಅವರು ಏಳುವ ಮೊದಲು ಸುತ್ತಿಡುತ್ತಿದ್ದೆನು. ಅಷ್ಟರಲ್ಲಿ ಮಳೆ ಹಿಡಿಯಿತು. ಇಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಕರವಸ್ತ್ರ ಒಣಗುವುದಕ್ಕೆ ಎರಡು ದಿನ ಬೇಕು. ಗೋಡೆಯ ತೇವ ಹೀರಿ ಕೌದಿ ಒದ್ದೆಯ ಎತ್ತಿನಂತೆ ಭಾರವಾಯಿತು. ಬೂಷ್ಟು ಹಿಡಿದು ವಾಸನೆ ಬಂದಿತು. ಬೇಸಗೆಯ ಬಿಸಿಲಿಗೆಂದು, ಒಣನೆಲಕ್ಕೆಂದು ಹುಟ್ಟಿದ ವಸ್ತು ಅದು. ಅದರ ತಪ್ಪೇನೂ ಇರಲಿಲ್ಲ.

ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ನಮ್ಮ ಗಲ್ಲಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರಲ್ಲವೆ? ಆಗಸ್ಟ್ ತಿಂಗಳ ಒಂದು ಭಾನುವಾರ ಅಂಥವಳೊಬ್ಬಳು ಬಂದಳು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಎರಡು ಹಳೆಯ ಪ್ಯಾಂಟುಗಳನ್ನು ಕೊಟ್ಟೆನು. "ಇಷ್ಟಕ್ಕೆ ಚಮಚ ಬರುತ್ತದೆ" ಎಂದಳು. ಒಳಗೆ ಹೋಗಿ ಕೌದಿಯನ್ನು ತಂದು ಅವಳ ಮುಂದೆ ಹಾಕಿದೆನು. ಆಕೆ ಅದನ್ನು ಬಿಚ್ಚಿ, ಅಂಗೈಯಿಂದ ಸವರಿ, ಅಂಚಿನ ಹೊಲಿಗೆಯನ್ನು ಉಗುರಿನಿಂದ ಎತ್ತಿ ನೋಡಿ, ತಲೆಯೆತ್ತದೆ ಕೇಳಿದಳು: "ಮಾ ನೇ ಸಿಯಾ ಹೈ ಕ್ಯಾ?" ತಾಯಿ ಹೊಲಿದದ್ದೇ, ಎಂದು.

"ನಹೀ" ಎಂದೆನು.

ಅವಳು ಇನ್ನೊಮ್ಮೆ ನನ್ನನ್ನು ನೋಡಿದಳು. ಆಮೇಲೆ ಮುಚ್ಚಳವಿರುವ ಒಂದು ಡಬ್ಬಿಯನ್ನು ಬುಟ್ಟಿಯಿಂದ ತೆಗೆದು ಕೊಟ್ಟಳು. ಸಂಜೆ ಪೇಟೆಗೆ ಹೋಗಿ ನಾನೂ ಗುಲಾಬಿ ಹೂವಿನ ರಗ್ಗನ್ನು ಕೊಂಡುತಂದೆನು. ಎರಡು ವರ್ಷಗಳ ನಂತರ ಅವ್ವ ಮಲಾಡಿಗೆ ಬಂದಾಗ ಮೊದಲ ರಾತ್ರಿಯೇ ಕೌದಿಯೆಲ್ಲಿ ಎಂದು ಕೇಳಿದಳು. ಊರ ಕಡೆಯ ಬಡ ಹುಡುಗನೊಬ್ಬನಿಗೆ ಕೊಟ್ಟೆನೆಂದೆ. "ಛಲೋ ಮಾಡಿದಿ. ಯಾರರ ಹೊಚ್ಕೊಂಡ್ರ ಸಾಕು" ಎಂದಳು. ಅವಳ ಊಟಕ್ಕೆ ಅಕ್ಕಿಯನ್ನು ನಾನು ಅದೇ ಡಬ್ಬಿಯಿಂದ ಅಳೆದು ಹಾಕಿದ್ದೆನು.

ಪ್ರದರ್ಶನಕ್ಕೆ ಮರಳೋಣ. ಆ ಬಾಲಿಕೆಯ ಕೌದಿಯನ್ನು ಮೇಜಿನ ಮೇಲೆ ಮಡಿಸಿ ಇಡಲು ನನಗೆ ಮನಸ್ಸಾಗಲಿಲ್ಲ. ಎರಡು ಕಿಟಕಿಗಳ ನಡುವೆ ಹಗ್ಗ ಕಟ್ಟಿ ಪೂರ್ತಿ ಬಿಚ್ಚಿ ಹರಡಿದೆವು. ಯಾರಾದರೂ ನಕ್ಕರೇ? ಇಬ್ಬರು ಹುಡುಗರು ನಕ್ಕರು. ಅಷ್ಟರಲ್ಲಿ ನಮ್ಮ ಕಟ್ಟಡದಲ್ಲಿಯೇ ನಡೆಯುವ ಮರಾಠಿ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಬಾಗಿಲಲ್ಲಿ ನಿಂತು, "ಅಗ ಬಾಯಿ, ಗೋಧಡೀ!" ಎಂದು ಉದ್ಗರಿಸಿ ನೇರವಾಗಿ ಒಳಗೆ ಬಂದುಬಿಟ್ಟರು. ಕೊಂಕಣದ ತಮ್ಮ ತವರಿನಲ್ಲಿ ಇದಕ್ಕೆ ವಾಕಳ ಎನ್ನುತ್ತಾರೆಂದು ಹೇಳಿದರು. ಸ್ವಚ್ಛತೆಯ ಪಾಠದಲ್ಲಿ ನೀವು ಓದುವ ಸಂತ ಗಾಡಗೆ ಬಾಬಾ (1876-1956) ಅವರನ್ನು ಜನ ಗೋಧಡೆ ಮಹಾರಾಜರೆಂದೂ ಕರೆಯುತ್ತಿದ್ದರು, ಚೂರುಬಟ್ಟೆ ಜೋಡಿಸಿದ ಹೊದಿಕೆಯೇ ಅವರ ಉಡುಗೆಯಾಗಿದ್ದಿತು, ಎಂಬುದನ್ನು ಮಕ್ಕಳಿಗೆ ತಿಳಿಸಿದವರೂ ಅವರೇ. ಶಾಲೆಯ ಜವಾನನು ಬಿಹಾರದವನು. ಅವನು ಮೂಲೆಯನ್ನು ಮುಟ್ಟಿ ನೋಡಿ "ಸುಜನಿ" ಎಂದನು. ಬಂಗಾಲದಲ್ಲಿ ಇದರ ಅಕ್ಕನೋ ತಂಗಿಯೋ ಆಗಿರುವುದು ಕಾಂಥಾ. ನಮ್ಮ ವಚನಗಳಲ್ಲಿ ಬರುವ ಕಂಥೆ ಎಂಬ ಮಾತೂ ಆ ಮಾತೂ ಒಂದೇ ಮೂಲದವು. ಸಿದ್ದಿ ಹೆಂಗಸರು ಹೊಲಿದ ಕೌದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದ್ದರೆಂದು ನಾನು ಹೇಳಿದಾಗ ನಕ್ಕ ಹುಡುಗರಿಬ್ಬರೂ ಕೌದಿಯನ್ನು ಹಿಂದಿನಿಂದಲೂ ಹೋಗಿ ನೋಡಿ ಬಂದರು. ನ್ಯೂಯಾರ್ಕಿನ ಹೆಸರು ಹೇಳದಿದ್ದರೆ ನೋಡುತ್ತಿದ್ದರೋ ಇಲ್ಲವೋ! ಈ ರೋಗ ಹುಡುಗರಿಗೆ ಮಾತ್ರ ಇರುವುದಲ್ಲ.

ಇಲ್ಲಿ ನನ್ನ ಒಂದು ಆಕ್ಷೇಪಣೆಯನ್ನು ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದ ಸೂಜಿ ಕೆಲಸವೆಂದರೆ ಎಲ್ಲರೂ ಧಾರವಾಡ ಕಸೂತಿಯ ಹೆಸರು ಹೇಳುತ್ತಾರೆ. ಹೇಳಬೇಕಾದುದೇ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ನೂಲಿನ ಎಳೆಗಳನ್ನು ಎಣಿಸಿ ಎಣಿಸಿ, ಗಂಟು ಕಾಣಿಸದಂತೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುವ ವಿದ್ಯೆ ಅದು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆ ಹಿಡಿಯುತ್ತ ಸಾಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಆದುದರಿಂದ ಬಟ್ಟೆಯ ಎರಡು ಮೈಯೂ ಒಂದೇ ಆಗಿ ಕಾಣುತ್ತವೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಸಂತೋಷ. ಆದರೆ ಕೌದಿಯ ಹೊಲಿಗೆಯೂ ಅದೇ ಅಲ್ಲವೆ? ಒಂದು ಎಡೆ ಬಿಡುವುದು, ಒಂದು ಎಡೆ ಹಿಡಿಯುವುದು; ಹಿಂದಿರುಗಿ ಬಂದು ತುಂಬುವುದಿಲ್ಲ, ಅಷ್ಟೇ ವ್ಯತ್ಯಾಸ. ಮದುವೆಯ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿದ ಕೈಯೇ ಆ ಸೀರೆ ಹರಿದಾಗ ಅದನ್ನು ಕೌದಿಗೆ ಹೊಲಿಯಿತು. ಮೊದಲನೆಯದು ಹೊಸ ಬಟ್ಟೆಯ ಮೇಲೆ ನಡೆದುದರಿಂದ ಕಲೆಯೆನಿಸಿತು. ಎರಡನೆಯದು ಹಳೆಯ ಬಟ್ಟೆಯ ಮೇಲೆ ನಡೆದುದರಿಂದ ಬಡತನವೆನಿಸಿತು. ಈಗೀಗ ಕೌದಿಗಳೂ ಪಟ್ಟಣದ ಅಂಗಡಿಗಳಿಗೆ ಬರುತ್ತಿವೆ, ಹೊಸ ಬಟ್ಟೆಯನ್ನೇ ಕತ್ತರಿಸಿ ಚೂರು ಮಾಡಿ ಹೊಲಿದವು. ಅವನ್ನು ಹೊಲಿದ ಹೆಂಗಸರಿಗೆ ನಾಲ್ಕು ಕಾಸು ಸಿಗುವುದಾದರೆ ಒಳ್ಳೆಯದೇ. ಆದರೂ ಯಾರೂ ಉಡದ ಬಟ್ಟೆಯ ಕೌದಿಯನ್ನು ಹೊದೆದರೆ ನನಗೆ ನಿದ್ರೆ ಬರಲಾರದು.

ಮರುದಿನ ಕೌದಿಯನ್ನು ಒಯ್ಯಲು ಆ ಬಾಲಿಕೆಯ ಅಜ್ಜಿಯೇ ಬಂದರು. ವಿಜಯಪುರ ಜಿಲ್ಲೆಯವರು, ಮಗ ಸೊಸೆ ಇಬ್ಬರೂ ನಾಕಾದಲ್ಲಿ ನಿಂತು ಸಿಕ್ಕ ಕೂಲಿಗೆ ಹೋಗುವವರು. ಅಜ್ಜಿ ಹಗ್ಗದ ಮೇಲೆ ಹರಡಿದ್ದ ಕೌದಿಯನ್ನು ಕಂಡು, "ಇದೇನ್ರಿ ಮಾಸ್ತರ, ಒಣಾ ಹಾಕೀರಿ?" ಎಂದರು. ನಾನು ಕೂರಲು ಕುರ್ಚಿ ಕೊಟ್ಟು, ಮಕ್ಕಳಿಗೆ ಅದರ ವಿಷಯ ಹೇಳಬೇಕೆಂದು ಕೇಳಿಕೊಂಡೆನು. ಹೇಳುವುದಕ್ಕೇನಿದೆ ಎಂದು ಸಂಕೋಚಪಟ್ಟವರು, ಒಂದು ಚೂರಿನ ಮೇಲೆ ಬೆರಳಿಟ್ಟೊಡನೆ ನಿಲ್ಲಲೇ ಇಲ್ಲ. ಇದು ನನ್ನ ಧಾರೆಯ ಸೀರೆಯ ಅಂಚು. ಇದು ನನ್ನ ಯಜಮಾನರ ಪಟಕಾ. ಇದು ಗುಳೇದಗುಡ್ಡದ ಖಣ, ನನ್ನ ಅಕ್ಕ ಸೀಮಂತಕ್ಕೆ ಕೊಟ್ಟದ್ದು. ಈ ಹಳದಿಯದು ಇವಳ ಅಪ್ಪ ಮೊದಲ ಸಲ ಮುಂಬಯಿಯಿಂದ ತಂದ ಅಂಗಿ, ಸಿಮೆಂಟಿನ ಕಲೆ ಹೋಗಲೇ ಇಲ್ಲ, ನೋಡಿರಿ. ಹೀಗೆ ಒಂದು ಮೂಲೆಯಿಂದ ಹೊರಟು ಸಾಗಿದ ಬೆರಳು ಒಂದು ಸಣ್ಣ ಕೆಂಪು ಚೂರಿನ ಬಳಿಗೆ ಬಂದು ನಿಂತಿತು. "ಇದು ಇಕೀ ಅಣ್ಣನ ಕುಂಚಿಗಿ. ಅವಾ ಉಳೀಲಿಲ್ಲ" ಎಂದರು. ಬಾಲಿಕೆ ಅಜ್ಜಿಯ ಮುಖವನ್ನು ನೋಡಿದಳು. ಹನ್ನೆರಡು ವರ್ಷ ಅದರ ಮೇಲೆ ಮಲಗಿದ ಅವಳಿಗೂ ಅದು ಆ ದಿನವೇ ತಿಳಿದುದು.

ಅಂದಿನಿಂದ ಶನಿವಾರದ ಕೊನೆಯ ತಾಸು ನಮ್ಮ ತರಗತಿಗೆ ಕೌದಿಯ ತಾಸಾಯಿತು. ಮಕ್ಕಳು ಮನೆಯಿಂದ ಹಳೆಯ ಬಟ್ಟೆ ತಂದರು. ಪಾಲಿಸ್ಟರನ್ನು ಅಜ್ಜಿ ಮುಟ್ಟಿ ನೋಡಿಯೇ ಬದಿಗೆ ಎಸೆದರು; ಅದು ಬೆವರು ಹೀರುವುದಿಲ್ಲ, ಸೂಜಿಯನ್ನೂ ಒಳಗೆ ಬಿಡುವುದಿಲ್ಲವಂತೆ. ಹುಡುಗರೂ ಹೊಲಿಯಬೇಕೆಂದು ನಾನು ಕಟ್ಟಪ್ಪಣೆ ಮಾಡಿದುದರಿಂದ ನಾನೂ ಹೊಲಿಯಬೇಕಾಗಿ ಬಂತು. ನಾನು ಹಾಕಿದ ಮೊದಲ ಸಾಲನ್ನು ಅಜ್ಜಿ ಕಣ್ಣಿನ ಹತ್ತಿರ ಹಿಡಿದು ನೋಡಿ, ದಾರವನ್ನು ಸರ್ರನೆ ಎಳೆದುಬಿಟ್ಟು, "ಮತ್ತ ಹಾಕ್ರಿ ಮಾಸ್ತರ" ಎಂದರು. ತರಗತಿಯೆಲ್ಲ ನಕ್ಕಿತು. ಹೂದಾನಿಯ ಹುಡುಗನ ಸಾಲು ಮಾತ್ರ ನೂಲು ಹಿಡಿದಂತೆ ನೆಟ್ಟಗಿತ್ತು. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಆ ಕೌದಿಯಲ್ಲಿ ಅಂಚಿನಿಂದ ಒಳಕ್ಕೆ ಹನ್ನೊಂದು ಸುತ್ತುಗಳಾಗಿವೆ.

ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಸ್ಟೀಲಿನ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಅವ್ವನಿಗೆ ಈಗ ಕಣ್ಣಿಗೆ ಪೊರೆ ಬಂದಿದೆ; ಸೂಜಿಗೆ ದಾರ ಪೋಣಿಸಲಾರಳು. ಪಡಸಾಲೆಯಲ್ಲಿ ಅವಳ ಪಕ್ಕದಲ್ಲಿ ಕುಳಿತು ನಡೆದುದನ್ನೆಲ್ಲ ಹೇಳಿದೆನು. ರೈಲಿನಿಂದ ಹಿಡಿದು, ಆ ಹೆಂಗಸು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಬಡ ಹುಡುಗನ ಸುಳ್ಳು, ಎಲ್ಲವನ್ನೂ. ಅವಳು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಕೈ ಮುಂದೆ ಚಾಚಿ, "ಎಲ್ಲೈತಿ ಡಬ್ಬಿ, ತಾ" ಎಂದಳು. ಕೊಟ್ಟೆನು. ಮುಚ್ಚಳ ತೆಗೆದು ಒಳಗೆ ಕೈಹಾಕಿ ಅಳತೆ ನೋಡಿದಳು, ತಳವನ್ನು ಬೆರಳಿನಿಂದ ಬಾರಿಸಿ ಕೇಳಿದಳು.

"ಎರಡು ಸೇರು ಸೈತ ಹಿಡಿಯಾಂಗಿಲ್ಲ ಇದು. ನಾಕ ಸೀರಿ, ನಿಮ್ಮಜ್ಜನ ಧೋತ್ರ, ಅಷ್ಟಕ್ಕೆಲ್ಲಾ ಇದೊಂದ ಕೊಟ್ಟಳಾ?"

"ಹೂಂ ಅವ್ವಾ."

"ಮಾಸ್ತರಕಿ ಮಾಡ್ತಿ, ಲೆಕ್ಕ ಬರಾಂಗಿಲ್ಲ ನಿನಗ" ಎಂದು ಡಬ್ಬಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡಳು. ನಾನು ಮಲಾಡಿಗೆ ಹೊರಟ ದಿನ ಅದರಲ್ಲಿ ಜೋಳದ ಹಿಟ್ಟು ತುಂಬಿ, ಮುಚ್ಚಳ ಸಡಿಲವಾಗಿದೆಯೆಂದು ಬೈಯುತ್ತ, ತನ್ನದೊಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಸೀರೆಯನ್ನು ಶಾಲೆಗೆ ತಂದಿದ್ದೇನೆ. ಅಜ್ಜಿ ಅದನ್ನು ಮುಟ್ಟಿ ನೋಡಿ, ಒಳಗೆ ಹಾಕಬೇಡ, ಮೇಲಕ್ಕೇ ಇರಲಿ ಎಂದಿದ್ದಾರೆ.